ಗಂಟು ಬಿಚ್ಚದೆ ಹೋದ ಟಗರು

ಅವಲಪಲ್ಲಿಯ ರಾಮಕೃಷ್ಣಪ್ಪನವರ ಮನೆಯಲ್ಲಿ ಮೊಬೈಲಿಗೆ ಸರಿಯಾಗಿ ಸಿಗ್ನಲ್ ಸಿಗುವುದು ಒಂದೇ ಒಂದು ಕಡೆ. ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಮೂಲೆಯಲ್ಲಿ. ಅಲ್ಲಿ ನಿಂತು ಮಾತಾಡಿದರೆ ಫೋನಿನ ಆ ಕಡೆಯವರಿಗೆ ಅರ್ಧ ಕೇಳಿಸುತ್ತದೆ, ಕೆಳಗಿನ ಅಂಗಳದಲ್ಲಿರುವವರಿಗೆ ಪೂರ್ತಿ ಕೇಳಿಸುತ್ತದೆ. ಮೇಲ್ಮನೆಯ ಬಾಡಿಗೆದಾರ ಭೈರೇಶನಿಗೆ ಆ ದಿನ ಆದ ಫಜೀತಿಗೆಲ್ಲ ಈ ಮೂಲೆಯೇ ಕಾರಣ.

ಭೈರೇಶ ಮಾಲೂರು ಕಡೆಯವನು, ಇನ್ನೂ ಮದುವೆಯಾಗಿಲ್ಲ. ಮತ್ತಿಗಿರಿಯಲ್ಲಿ ಒಂದು ಬೇಕರಿಯ ಮೇಲಿರುವ ಸಣ್ಣ ಕಂಪೆನಿಯಲ್ಲಿ ಕೆಲಸ. ಆ ಕಂಪೆನಿಯವರು ತಮ್ಮದೇ ಒಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಆ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್ ಕೂಡ ಅವರದೇ. ಸುತ್ತಲಿನ ಎಷ್ಟೋ ಫ್ಯಾಕ್ಟರಿಗಳ ಯಂತ್ರಗಳು, ಖಾಸಗಿ ಬಸ್ಸುಗಳ ಟಿಕೆಟ್ ಮೆಷಿನ್‌ಗಳು ಅದನ್ನೇ ನಂಬಿಕೊಂಡಿದ್ದವು.

ಆ ಕಂಪೈಲರಿನೊಳಗೆ 'ಎಸ್ಕೇಪ್ ಅನಾಲಿಸಿಸ್' ಎಂದೊಂದು ಭಾಗ. ಅದನ್ನು ಭೈರೇಶ ಒಬ್ಬನೇ ಕೂತು ಕಟ್ಟಿದ್ದ. ಅದರ ಕೆಲಸ ಏನೆಂದರೆ, ಕಲ್ಯಾಣ ಮಂಟಪದ ಮ್ಯಾನೇಜರನ ಕೆಲಸದಂಥದ್ದು. ಮದುವೆ ಮುಗಿದ ತಕ್ಷಣ ಮಂಟಪ ಗುಡಿಸಿ ಮುಂದಿನ ಮದುವೆಗೆ ಬಿಟ್ಟುಕೊಡಬೇಕು. ಹಾಗಾಗಿ ಮದುವೆಯ ಮೇಲೂ ಯಾರಿಗೋ ಬೇಕಾಗುವ ಸಾಮಾನು ಯಾವುದು ಎಂದು ಮೊದಲೇ ನೋಡಿ, ಅದನ್ನಷ್ಟೇ ದೂರದ ಗೋದಾಮಿಗೆ ಸಾಗಿಸಬೇಕು. ಉಳಿದದ್ದು ಮಂಟಪದಲ್ಲೇ ಇರಲಿ, ಕೆಲಸ ಬೇಗ ಆಗುತ್ತದೆ. ಆದರೆ ಎಲ್ಲಾದರೂ ಲೆಕ್ಕ ತಪ್ಪಿ, ಹೊರಗಿನವನಿಗೆ ಬೇಕಾದ ಚೀಲ ಮಂಟಪದಲ್ಲೇ ಉಳಿಯಿತೋ, ಅವನು ಬಂದು ನೋಡುವಾಗ ಆ ಜಾಗದಲ್ಲಿ ಬೇರೆ ಮದುವೆಯವರ ಚೀಲ ಇರುತ್ತದೆ. ಈ ಲೆಕ್ಕವನ್ನು ಭೈರೇಶ ಎಷ್ಟು ಚೊಕ್ಕಟವಾಗಿ ಮಾಡಿದ್ದನೆಂದರೆ ಅವನಿಗಿಂತ ಹಿರಿಯರು ಅದನ್ನು ಓದಿ ತಲೆದೂಗುತ್ತಿದ್ದರು.

ಕೆಲಸದಲ್ಲಿ ಹೀಗಿದ್ದ ಮನುಷ್ಯ ಉಳಿದ ವಿಷಯದಲ್ಲಿ ಮಾತ್ರ ಉಕ್ಕುವ ಹಾಲನ್ನು ನೋಡುತ್ತ ನಿಲ್ಲುವ ಜಾತಿ. ಯಾರು ಏನು ಕೇಳಿದರೂ ಆಗುವುದಿಲ್ಲ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ಆ ಬೆಳಿಗ್ಗೆ ತಂಡದ ಮುಖ್ಯಸ್ಥೆ ಸಿಂಧು ಫೋನ್ ಮಾಡಿದಳು. ಭೈರೇಶ ಟ್ಯಾಂಕಿನ ಮೂಲೆಗೆ ಓಡಿದ.

"ಬಸ್ ಕಂಪೆನಿಯವರು ಉರೀತಿದಾರೆ ಭೈರೇಶ್. ಶೂಲಗಿರಿಗೆ ಟಿಕೆಟ್ ಕೇಳಿದ್ರೆ ಹಿಂದಿನ ಸೀಟಿನವರ ಊರು ಪ್ರಿಂಟ್ ಆಗ್ತಿದೆ. ಒಬ್ಬ ಕಂಡಕ್ಟರನ್ನ ಪ್ಯಾಸೆಂಜರುಗಳೇ ಬಸ್ಸಿಂದ ಇಳಿಸಿಬಿಟ್ಟಿದಾರಂತೆ."

"ಎಸ್ಕೇಪ್ ಅನಾಲಿಸಿಸ್ ತಪ್ಪಾ?"

"ಅದೇ. ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಆ ಭಾಗಾನೇ ಕಿತ್ತುಹಾಕಿ, ಎಲ್ಲಾನೂ ಗೋದಾಮಿಗೇ ಕಳಿಸಿ ಅಂತ ಬಾಸ್ ಹೇಳಿಬಿಟ್ರು. ನಂಗೆ ಮನಸ್ಸಿಲ್ಲ. ನಮ್ಮಲ್ಲಿರೋದರಲ್ಲಿ ಚೆಂದದ ಕೆಲಸ ಅಂದ್ರೆ ಅದೇ."

ಮಕ್ಕಳಿಲ್ಲದ ಭೈರೇಶನಿಗೆ ಅದೇ ಮಗು. ದನಿ ತಾನಾಗಿಯೇ ಏರಿತು.

"ಕೇಳಿಸ್ತಾ ಇದೆಯಾ ಸಿಂಧು? ಸಂಜೆಯೊಳಗೆ ಹಿಡೀತೀನಿ. ಅದು ಒಳಗೇ ಇದೆ ಅಂತ ಎಲ್ರೂ ನಂಬ್ಕೊಂಡು ಕೂತಿದೀವಿ, ಅದು ಯಾವಾಗ್ಲೋ ಎಸ್ಕೇಪ್ ಆಗಿದೆ. ಯಾರ ಜೊತೆ ಹೋಯ್ತು ಅಂತ ಗೊತ್ತಾದ್ರೆ ಸಾಕು. ಇವತ್ತೇ ಹಿಡ್ಕೊಂಡು ಬರ್ತೀನಿ."

ಕೆಳಗೆ ಅಂಗಳದಲ್ಲಿ ಢಣ್ಣೆಂದು ಪಾತ್ರೆ ಬಿತ್ತು. ಮನೆಯೊಡತಿ ಅಂಜಮ್ಮ ಕೈಯಲ್ಲಿ ತೆಂಗಿನ ನಾರು ಹಿಡಿದು ಮೇಲೆ ನೋಡುತ್ತಿದ್ದರು. ಭೈರೇಶ ನಮಸ್ಕಾರ ಎಂಬಂತೆ ತಲೆಯಾಡಿಸಿ ಒಳಗೆ ಹೋದ.

ಲ್ಯಾಪ್‌ಟಾಪ್ ತೆಗೆದು ಇನ್ನೂ ಚಕ್ಕಳಮಕ್ಕಳ ಹಾಕಿ ಕೂತಿರಲಿಲ್ಲ, ಅಂಜಮ್ಮ ತಟ್ಟೆ ತುಂಬ ರಾಗಿ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎರಡು ವರ್ಷದಲ್ಲಿ ಅವರು ಮೆಟ್ಟಿಲು ಹತ್ತಿ ತಿಂಡಿ ತಂದದ್ದು ಅದೇ ಮೊದಲು.

"ತಿನ್ನಪ್ಪ. ಹೊಟ್ಟೆಗಾಕ್ಕೊಂಡು ಮಾಡು ಕೆಲ್ಸ," ಎಂದು ಎದುರಿಗೇ ಕೂತರು. "ಅದೇನಪ್ಪ ನಿನ್ ಕೆಲ್ಸ? ಇಷ್ಟ್ ದಿನ ಕೇಳೇ ಇಲ್ಲ ನೋಡು."

"ತಪ್ಪಿಸ್ಕೊಂಡು ಹೋಗೋದು ಯಾವ್ದು ಅಂತ ಮುಂಚೇನೇ ಕಂಡುಹಿಡಿಯೋದಮ್ಮ."

"ಓಡೋಗೋಕೆ ಮುಂಚೇನೇ?"

"ಹೂಂ. ಮನೆಯವರಿಗೆ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ."

ಅಂಜಮ್ಮನ ಮುಖ ಹಳೇ ಸುಣ್ಣದ ಗೋಡೆಯ ಹಾಗಾಯಿತು. "ಇನ್ನೊಂದು ರೊಟ್ಟಿ ಹಾಕ್ಕೊಂಬತ್ತೀನಿ," ಎಂದು ಎದ್ದರು. ಪಾಪ, ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡ ಭೈರೇಶ.

ಆ ಒಳ್ಳೆಯತನ ಅಲ್ಲಿಗೇ ನಿಲ್ಲಲಿಲ್ಲ. ರೊಟ್ಟಿ ಮುಗಿಯುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಿಕೊಡಲು ಕರೆದರು. ಹಳೇ ಸಿಲಿಂಡರು ಅರ್ಧ ತುಂಬಿಯೇ ಇತ್ತು. ಆಮೇಲೆ ಅಟ್ಟದ ಮೇಲಿಂದ ಹಿತ್ತಾಳೆ ಕೊಳಗ ಇಳಿಸಿಕೊಡು ಎಂದರು, ಇಳಿಸಿದ ಮೇಲೆ ಇದಲ್ಲ ಎಂದು ಮತ್ತೆ ಏರಿಸಿದರು. ಭೈರೇಶ ಮೇಲೆ ಹೋಗಿ ಕೂತ, ಬಸ್ಸಿನ ಪ್ರೋಗ್ರಾಮನ್ನು ಒಂದೊಂದೇ ಸಾಲು ಬಿಡಿಸತೊಡಗಿದ. ಊರಿನ ಹೆಸರು ಒಂದು ಪೆಟ್ಟಿಗೆಯೊಳಗೆ ಇತ್ತು, ಪೆಟ್ಟಿಗೆ ಅಲ್ಲೇ ಇತ್ತು, ಯಾವುದೂ ಹೊರಗೆ ಹೋದಂತೆ ಕಾಣಲಿಲ್ಲ. ಆದರೂ ಹೆಸರು ಕಾಣೆ. ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯಿಂದ ನೋಡಿದರೆ ಕೆಳಗಿನ ಮನೆಯಲ್ಲಿ ಫ್ಯಾನು ತಿರುಗುತ್ತಿದೆ. ಮೀಟರ್ ಬಾಕ್ಸಿನಲ್ಲಿ ಮೇಲ್ಮನೆಯ ಫ್ಯೂಸೇ ಇರಲಿಲ್ಲ.

"ಇಲಿ ಎತ್ಕೊಂಡೋಗಿರ್ಬೇಕು," ಎಂದರು ಅಂಜಮ್ಮ.

ಭೈರೇಶ ಅದನ್ನೂ ನಂಬಿ, ಬ್ಯಾಟರಿ ಇರುವಷ್ಟು ಹೊತ್ತು ಮಾಡೋಣ ಎಂದು ಮೆಟ್ಟಿಲು ಹತ್ತುತ್ತಿದ್ದ. ಆಗ ಗೇಟಿನ ಹತ್ತಿರದಿಂದ ರಾಮಕೃಷ್ಣಪ್ಪನವರ ಕೂಗು ಕೇಳಿತು. ತೋಟಕ್ಕೆ ನೀರು ಹಾಯಿಸಿ ಆಗತಾನೇ ಬಂದಿದ್ದರು.

"ದೊರೆ ಎಲ್ಲಿ? ನನ್ ದೊರೆ ಎಲ್ಲೇ?"

ದೊರೆ ಎಂದರೆ ಅವರ ಟಗರು. ಕರೀ ಮೈ, ಸುರುಳಿ ಕೊಂಬು, ಕೊರಳಿಗೆ ಗೆಜ್ಜೆ. ಅವಲಪಲ್ಲಿಯಲ್ಲಿ ಅದಕ್ಕಿರುವ ಮರ್ಯಾದೆ ರಾಮಕೃಷ್ಣಪ್ಪನವರಿಗೂ ಇರಲಿಲ್ಲ. ಅಳಿಯ ಬೇಕೆಂದು ಹುಡುಕುವಾಗಲೂ ಅವರು ಹುಡುಗನನ್ನು ಒಮ್ಮೆ, ದೊರೆಯನ್ನು ಒಮ್ಮೆ ನೋಡಿ ಬೇಡ ಎನ್ನುತ್ತಿದ್ದರು. ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಆದವನೇ ಆಗಬೇಕು ಎಂಬುದು ಅವರ ಹಟ. ಮಗಳು ಪವಿತ್ರ ತಾನೇ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಆಗಿದ್ದರೂ ಹಟ ಬಿಟ್ಟಿರಲಿಲ್ಲ.

"ಟಗರು ತಾನೇ? ಹಸಿವಾದ್ರೆ ಬತ್ತೈತೆ ಬುಡಿ," ಎಂದರು ಅಂಜಮ್ಮ.

ರಾಮಕೃಷ್ಣಪ್ಪ ಹೆಂಡತಿಯನ್ನು ಗುರುತು ಸಿಗದವರಂತೆ ನೋಡಿದರು. ಆಮೇಲೆ ಮೆಟ್ಟಿಲ ಮೇಲಿದ್ದ ಭೈರೇಶನನ್ನು ಕಂಡರು. "ಭೈರೇಶು, ಇಳೀ ಕೆಳಕ್ಕೆ. ತಪ್ಪಿಸ್ಕೊಂಡೋಗಿದ್ದನ್ನ ಹುಡ್ಕೋದೇ ನಿನ್ ಕೆಲ್ಸ ಅಂತ ನೀನೇ ಹೇಳಿದ್ದೆ ನಂಗೆ."

"ಅದು ಕಂಪ್ಯೂಟರಿನೊಳಗೆ ಯಜಮಾನ್ರೆ."

"ಒಳಗೇ ಹುಡುಕೋನಿಗೆ ಹೊರಗಡೆ ಕಷ್ಟವಾ?"

"ಅವ್ನಿಗೆ ಬ್ಯಾರೆ ಕೆಲ್ಸ ಐತೆ ಬುಡಿ, ಅವ್ನನ್ನ ಕರೀಬ್ಯಾಡಿ," ಎಂದು ಅಂಜಮ್ಮ ನಡುವೆ ಬಂದರು. "ಮೇಲೋಗಪ್ಪ ನೀನು, ಕುತ್ಕೊಂಡು ಕೆಲ್ಸ ಮಾಡು." ಬೆಳಗಿನಿಂದ ಅವನ ಕೆಲಸದ ಮೇಲೆ ಅವರಿಗೆ ಕಾಳಜಿ ಬಂದದ್ದು ಅದೇ ಮೊದಲು.

ಆದರೆ ಭೈರೇಶ ಆಗಲೇ ಇಳಿದಿದ್ದ. "ಕಟ್ಟಿರಲಿಲ್ವಾ?" ಎಂದು ಕೇಳಿದ.

"ಕಟ್ದೆ ಇರ್ತೀನಾ? ಹೊತ್ತುಟ್ಟೋಕೆ ಮುಂಚೆ ದೊಡ್ಡಿ ಗುಡಿಸ್ಬೇಕಾಗಿತ್ತು, ಹೊರಗಡೆ ತಂದು ಕೈಯಾರ ಕಟ್ಟಿದ್ದೆ. ನನ್ ಗಂಟನ್ನ ನಾನೇ ಬಿಚ್ಬೇಕು, ಇನ್ನೊಬ್ರ ಕೈಲಾಗಲ್ಲ."

"ಯಾವುದಕ್ಕೆ ಕಟ್ಟಿದ್ರಿ?"

"ಕಂಬಿಗೆ."

"ಯಾವ ಕಂಬಿ?"

ರಾಮಕೃಷ್ಣಪ್ಪ ಕೈ ತೋರಿಸಿದರು. ಅಲ್ಲಿ ಕಂಬಿ ಇರಲಿಲ್ಲ. ಗೇಟಿನ ಪಕ್ಕದ ಖಾಲಿ ಜಾಗದಲ್ಲಿ ಚಕ್ರದ ಗುರುತುಗಳಿದ್ದವು, ನಾಲ್ಕಾರು ಕೋಸಿನ ಎಲೆ ಬಿದ್ದಿದ್ದವು. ತೊರಪಲ್ಲಿ ಅಗ್ರಹಾರದ ವಾಸು ಪ್ರತಿ ವಾರ ಅವರ ತೋಟದ ಎಲೆಕೋಸನ್ನು ತನ್ನ ಟೆಂಪೋದಲ್ಲಿ ಕೃಷ್ಣಗಿರಿಗೆ ಒಯ್ಯುತ್ತಿದ್ದ. ಹಿಂದಿನ ದಿನ ಲೋಡು ಮಾಡಿ ಟೆಂಪೋವನ್ನು ಅಲ್ಲೇ ನಿಲ್ಲಿಸಿ ಹೋಗಿದ್ದ, ಬೆಳಿಗ್ಗೆ ಬಂದು ಒಯ್ದಿದ್ದ. ಮಬ್ಬಿನಲ್ಲಿ ರಾಮಕೃಷ್ಣಪ್ಪ ಕಟ್ಟಿದ್ದು ಟೆಂಪೋದ ಕಂಬಿಗೆ. ಕೋಸು ಕಂಡ ದೊರೆ ಟಾರ್ಪಾಲಿನಡಿ ಹಾರಿ ಕೂತಿರಬೇಕು.

"ಗಂಟು ಬಿಚ್ಚಿಲ್ಲ ಯಜಮಾನ್ರೆ," ಎಂದ ಭೈರೇಶ ನಿಧಾನವಾಗಿ. "ಟಗರು ಎಲ್ಲೂ ಓಡಿ ಹೋಗಿಲ್ಲ. ಕಟ್ಟಿದ್ದ ಗಾಡಿ ಹೋಗಿದೆ."

ಹೇಳಿದವನು ಹಾಗೆಯೇ ನಿಂತುಬಿಟ್ಟ. ಅವನ ಕಣ್ಣು ಚಕ್ರದ ಗುರುತಿನ ಮೇಲಿತ್ತು, ಮನಸ್ಸು ಬಸ್ಸಿನ ಪ್ರೋಗ್ರಾಮಿನಲ್ಲಿತ್ತು. ಊರಿನ ಹೆಸರನ್ನು ಪೆಟ್ಟಿಗೆಗೆ ಕಟ್ಟಿದ್ದರು. ಹೆಸರು ಹೊರಗೆ ಹೋಗುತ್ತದೆಯೇ ಎಂದು ಅವನ ಕಂಪೈಲರ್ ನೋಡುತ್ತಿತ್ತು, ಇಲ್ಲ, ಕಟ್ಟಿದೆ ಎಂದು ಸುಮ್ಮನಾಗುತ್ತಿತ್ತು. ಆಮೇಲೆ ಯಾವತ್ತೋ ಪೆಟ್ಟಿಗೆಯೇ ಹೊರಟರೆ? ಅದನ್ನು ನೋಡುವವರು ಯಾರೂ ಇರಲಿಲ್ಲ. ಇಷ್ಟು ದಿನ ಅವನು ಗಂಟನ್ನು ಪರೀಕ್ಷೆ ಮಾಡಿದ್ದ, ಗಾಡಿಯನ್ನು ಮಾಡಿರಲಿಲ್ಲ.

"ಸಿಕ್ತು," ಎಂದು ಮೆಟ್ಟಿಲ ಕಡೆ ಓಡಿದ. ರಾಮಕೃಷ್ಣಪ್ಪ ಅವನ ತೋಳು ಹಿಡಿದು ಮೊಪೆಡ್ ಕಡೆ ಎಳೆದರು.

"ಸಿಕ್ತಲ್ಲ, ಮತ್ತೆ ಅಲ್ಲಿಗ್ಯಾಕೆ? ನಡಿ."

ಗೇಟಿನಾಚೆ ರಸ್ತೆಗೆ ಬಂದು, ಸ್ಪೀಕರ್ ಹಾಕಿ ವಾಸುವಿಗೆ ಫೋನ್ ಹಚ್ಚಿದರು. "ವಾಸು, ಎಲ್ಲಿದ್ದೀಯ್ಲಾ? ಗಾಡಿ ಹಿಂದ್ಗಡೆ ನನ್ ಟಗರು ಐತೇನ್ಲಾ?"

ವಾಸು ಹೇಳಿದ, "ಐತೆ ಅಣ್ಣ. ಈಗ್ಲೇ ನೋಡ್ದೆ. ಶೂಲಗಿರಿ ದಾಟಿ ಹುಣಸೇಮರದ ಕೆಳಗೆ ಒಂದು ಟೀ ಅಂಗಡಿ ಐತಲ್ಲ, ಅಲ್ಲೇ ನೆಳ್ಳಾಗೆ ಕಟ್ಟಿವ್ನಿ. ನೀವು ಬರೋಗಂಟ ಇರ್ತೀನಿ."

ಅಂಜಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು. ಬಿಸಿಲಿಗೆ ಹೀಗಾಗಿದೆ ಎಂದು ಗಂಡಸರಿಬ್ಬರೂ ತಿಳಿದರು.

ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೆ ಮೊಪೆಡ್ ಗಾಳಿಪಟದಂತೆ ವಾಲಾಡುತ್ತಿತ್ತು. ಹಿಂದೆ ಕೂತ ಭೈರೇಶ ಹೊಳೆದದ್ದು ಎಲ್ಲಿ ಮರೆತುಹೋಗುತ್ತದೋ ಎಂದು ಜಪದಂತೆ ಒಳಗೇ ಹೇಳಿಕೊಳ್ಳುತ್ತಿದ್ದ.

ಟೀ ಅಂಗಡಿ ಬಂತು. ದೊರೆ ಹುಣಸೇಮರದಡಿ ಕೋಸು ಅಗಿಯುತ್ತ ನಿಂತಿತ್ತು. ವಾಸು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಗ್ಗಿನಲ್ಲಿ ನೀರು ಹಿಡಿದಿದ್ದ. ಅವನ ಮೈಮೇಲೆ ಇಸ್ತ್ರಿ ಮಾಡಿದ ಬಿಳೀ ಅಂಗಿ, ಹಣೆಯ ಮೇಲೆ ಕುಂಕುಮ. ಕೋಸು ಸಾಗಿಸುವವನಿಗೆ ಇಷ್ಟು ಅಲಂಕಾರವೇಕೆ ಎಂದು ಭೈರೇಶ ಯೋಚಿಸುತ್ತ ಟೆಂಪೋದ ಮುಂಭಾಗಕ್ಕೆ ಬಂದ.

ಒಳಗೆ ಸೀಟಿನಲ್ಲಿ ತಲೆ ತಗ್ಗಿಸಿ ಪವಿತ್ರ ಕೂತಿದ್ದಳು. ಮೇಲೆ ಫ್ಯಾಕ್ಟರಿಯ ನೀಲಿ ಕೋಟು, ಕೋಟಿನ ಕೆಳಗಿಂದ ಇಣುಕುವ ರೇಷ್ಮೆ ಸೀರೆ, ತಲೆಯ ತುಂಬ ಮಲ್ಲಿಗೆ. ಭೈರೇಶನನ್ನು ನೋಡಿ ಸದ್ದಿಲ್ಲದೆ ಕೈ ಮುಗಿದಳು.

"ಅಣ್ಣ, ಕೃಷ್ಣಗಿರಿ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತಿದೀವಿ," ಎಂದು ಪಿಸುಗುಟ್ಟಿದಳು. "ಫೋನ್ ಎತ್ಬೇಡ ಅಂದೆ. ಟಗರಿಗೆ ಬಿಸಿಲು ಅಂತ ಎತ್ತಿದ. ಇಂಥೋನ್ನ ಕಟ್ಕೊಂಡು ನಾನು ಏನ್ ಮಾಡ್ಲಿ ಹೇಳಿ."

ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಅಷ್ಟರಲ್ಲಿ ರಾಮಕೃಷ್ಣಪ್ಪನವರ ದನಿ. "ದೊರೇನ ಗಾಡಿಗೆ ಹತ್ಸು ವಾಸು. ನಾನು ಮುಂದ್ಗಡೆ ಕುಂತ್ಕೊತೀನಿ. ಕೋಸು ಇಳಿಸ್ಬುಟ್ಟು ಒಟ್ಟಿಗೇ ವಾಪಸ್ ಬರಾನ."

ವಾಸುವಿನ ಕೈಯ ಮಗ್ಗು ಓರೆಯಾಗಿ ನೀರೆಲ್ಲ ಚೆಲ್ಲಿತು. ಜನ್ಮದಲ್ಲಿ ಯಾರಿಗೂ ಆಗಲ್ಲ ಎನ್ನದ ಭೈರೇಶ ಆಗ ನಡುವೆ ಹೋಗಿ ನಿಂತ.

"ಆಗಲ್ಲ ಯಜಮಾನ್ರೆ."

"ಏನಾಗಲ್ಲ?"

"ಟಾರ್ಪಾಲಿನಡಿ ದೊರೆಗೆ ಶೆಕೆ ಆಗುತ್ತೆ. ಮೊಪೆಡ್‌ನಲ್ಲೇ ಕರ್ಕೊಂಡು ಹೋಗೋಣ. ಗಾಳಿ ಬರುತ್ತೆ. ನಾನು ತೊಡೆ ಮೇಲೆ ಹಿಡ್ಕೊತೀನಿ."

"ನೀನು? ಅದನ್ನ?"

"ಹೂಂ."

ರಾಮಕೃಷ್ಣಪ್ಪ ಅವನನ್ನು ಒಮ್ಮೆ, ಟೆಂಪೋವನ್ನು ಒಮ್ಮೆ, ಮಗ್ಗು ಹಿಡಿದ ವಾಸುವನ್ನು ಒಮ್ಮೆ ನೋಡಿದರು. "ಸರಿ, ಹತ್ತು," ಎಂದರು.

ಶೂಲಗಿರಿಯಿಂದ ಅವಲಪಲ್ಲಿಯವರೆಗೆ ಒಂದು ಟಗರನ್ನು ತಬ್ಬಿಕೊಂಡು ಕೂರುವುದು ಏನೆಂದು ಭೈರೇಶನಿಗೆ ಮಾತ್ರ ಗೊತ್ತು. ದೊರೆ ಒಂದು ಕಾಲನ್ನು ಅವನ ಶರ್ಟಿನ ಜೇಬಿಗೆ ಹಾಕಿತ್ತು. ಬಸ್ಸಿನ ಕಿಟಕಿಗಳಿಂದ ಜನ ಕೈ ಬೀಸುತ್ತಿದ್ದರು. ನಡುದಾರಿಯಲ್ಲಿ ಸಿಂಧುವಿನ ಫೋನು ಬಂತು. ಹೇಗೋ ಕಿವಿಗೆ ಹಿಡಿದ.

"ಭೈರೇಶ್, ಸಮಸ್ಯೆ ಸಿಕ್ತಾ?"

"ಸಿಕ್ತು. ತೊಡೆ ಮೇಲಿದೆ."

ದೊರೆ ಫೋನಿಗೇ ಬಾಯಿಟ್ಟು ಒಮ್ಮೆ ಅರಚಿತು.

ಸಿಂಧು, "ಊಟ ಮಾಡಿದ್ಯಾ?" ಎಂದು ಮೆಲ್ಲಗೆ ಕೇಳಿದಳು.

ಭೈರೇಶ ಗಾಳಿಯ ಮೇಲೆ ಕೂಗುತ್ತ ವಿವರಿಸಿದ. ಪೆಟ್ಟಿಗೆ, ಹೆಸರು, ಟೆಂಪೋ, ಟಗರು. ಕೇಳುತ್ತ ಕೇಳುತ್ತ ಅವಳ ದನಿ ಬದಲಾಯಿತು. "ಹೌದಲ್ವೇನೋ," ಎಂದಳು. "ಇಷ್ಟು ದಿನ ನಾವ್ಯಾರೂ ಆ ಕಡೆ ನೋಡೇ ಇಲ್ಲ. ಬೇಗ ಹೋಗಿ ಕೋಡ್ ಬರಿ."

ಮನೆಗೆ ಬಂದರೆ ಕರೆಂಟು ಇತ್ತು. ಇಲಿ ಫ್ಯೂಸನ್ನು ತಂದು ಹಾಕಿತ್ತೆಂದು ಕಾಣುತ್ತದೆ. ಮೈಯೆಲ್ಲ ಟಗರಿನ ವಾಸನೆ ಹೊತ್ತುಕೊಂಡೇ ಭೈರೇಶ ಬರೆಯಲು ಕೂತ. ಈಗ ನೋಡಬೇಕಿತ್ತು ಅವನನ್ನು. ಬೆರಳುಗಳು ತಡವರಿಸಲಿಲ್ಲ. ಒಂದು ವಸ್ತು ಹೊರಗೆ ಹೋಗುವುದಾದರೆ ಅದಕ್ಕೆ ಕಟ್ಟಿದ್ದೂ ಹೋಯಿತು. ಕಟ್ಟಿದ್ದಕ್ಕೆ ಮತ್ತೇನಾದರೂ ಕಟ್ಟಿದ್ದರೆ ಅದೂ ಹೋಯಿತು. ಹಗ್ಗ ಮುಗಿಯುವ ತನಕ ಹಿಂಬಾಲಿಸು, ನಡುವೆ ನಿಲ್ಲಬೇಡ. ಬೇರೆಯವರಾಗಿದ್ದರೆ ಹೆದರಿಕೊಂಡು ಕಂಡಕಂಡದ್ದನ್ನೆಲ್ಲ ಗೋದಾಮಿಗೆ ನೂಕುತ್ತಿದ್ದರು. ಅವನು ಹಾಗೆ ಮಾಡಲಿಲ್ಲ. ಹೋಗುವುದನ್ನು ಮಾತ್ರ ಕಳಿಸಿದ, ಇರುವುದನ್ನು ಇದ್ದಲ್ಲೇ ಬಿಟ್ಟ. ಬರೆದದ್ದು ಅರ್ಧ ಪುಟವೂ ಆಗಲಿಲ್ಲ. ಹಳೆಯ ಪರೀಕ್ಷೆಗಳೆಲ್ಲ ಪಾಸಾದವು, ವೇಗ ಸ್ವಲ್ಪವೂ ತಗ್ಗಲಿಲ್ಲ. ಆಫೀಸಿನಲ್ಲಿದ್ದ ಟಿಕೆಟ್ ಮೆಷಿನ್‌ನಲ್ಲಿ ಸಿಂಧು ಶೂಲಗಿರಿ ಒತ್ತಿದಳು. ಶೂಲಗಿರಿ ಬಂತು.

"ಬಾಸ್ ಎರಡು ಸಲ ಓದಿದ್ರು," ಎಂದಳು ಸಿಂಧು ಫೋನಿನಲ್ಲಿ. "ಆಮೇಲೆ ಕನ್ನಡಕ ತೆಗೆದು, ಇದನ್ನ ಯಾರೂ ಮುಟ್ಟಬಾರದು ಅಂದ್ರು. ಇವತ್ತು ನಿದ್ದೆ ಮಾಡು ನೀನು."

ಭೈರೇಶ ಟ್ಯಾಂಕಿನ ಮೂಲೆಯಲ್ಲೇ ಕೂತು ದೊಡ್ಡ ಉಸಿರು ಬಿಟ್ಟ. ಆಗ ಅಂಜಮ್ಮ ಕಾಫಿ ಹಿಡಿದು ಬಂದರು. ಕಣ್ಣು ಕೆಂಪಾಗಿತ್ತು.

"ಪವಿತ್ರ ಫೋನ್ ಮಾಡಿತ್ತಪ್ಪ. ನೋ‍ಡ್ದೋನು ನೀನೊಬ್ನೇ ಅಂತೆ, ಬಾಯ್ಬಿಡ್ಲಿಲ್ಲವಂತೆ." ಲೋಟ ಕೊಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಬೆಳಿಗ್ಗೆ ನೀನು 'ಅದು ಎಸ್ಕೇಪ್ ಆಗೈತೆ, ಯಾರ ಜೊತೆ ಹೋಯ್ತು ನೋಡಿ ಹಿಡ್ಕೊಂಬತ್ತೀನಿ' ಅಂದ್ಯಲ್ಲ, ನಂಗೆ ಜೀವಾನೇ ಹೋಯ್ತು. ಪವಿತ್ರನ್ನ ಹಿಡಿಯೋಕೆ ನಮ್ಮೆಜಮಾನ್ರೇ ನಿನ್ನ ಇಟ್ಟವ್ರೆ ಅಂದ್ಕೊಂಡೆ. ಅದುಕ್ಕೇ ಸಿಲಿಂಡರು, ಕೊಳಗ. ಫ್ಯೂಸು ಕಿತ್ತಿದ್ದೂ ನಾನೇ."

"ಇಲಿ ಅಂದ್ರಿ?"

"ಇನ್ನೇನ್ ಹೇಳ್ಲಿ?"

ಭೈರೇಶನಿಗೆ ನಗು ಬಂತು. ಒಬ್ಬ ತಾಯಿ ಬೆಳಗಿನಿಂದ ಹೂಡಿದ ಯುದ್ಧದಲ್ಲಿ ತಾನೇ ಶತ್ರುವಾಗಿದ್ದೆ ಎಂದು ತಿಳಿದು, ಆ ಧೈರ್ಯಕ್ಕೆ ಗೌರವವೂ ಮೂಡಿತು. "ಯಜಮಾನ್ರಿಗೆ ಹೇಗೆ ಹೇಳ್ತೀರಿ?" ಎಂದ.

ಅಂಜಮ್ಮ ಉತ್ತರಿಸುವ ಮೊದಲೇ ಗೇಟಿನಲ್ಲಿ ಟೆಂಪೋ ನಿಂತಿತು. ಕೋಸಿಲ್ಲದ ಟೆಂಪೋದಿಂದ ಹಾರ ಹಾಕಿಕೊಂಡ ವಾಸು, ಪವಿತ್ರ ಇಳಿದರು. ರಾಮಕೃಷ್ಣಪ್ಪ ಅಂಗಳದಲ್ಲೇ ಕಾದು ನಿಂತಿದ್ದರು. ಇಬ್ಬರೂ ಕಾಲಿಗೆ ಬಿದ್ದರು. ಮೇಲಿನಿಂದ ನೋಡುತ್ತಿದ್ದ ಭೈರೇಶ ಕಾಫಿ ಲೋಟವನ್ನು ಗಟ್ಟಿಯಾಗಿ ಹಿಡಿದ.

"ಏಳ್ರಿ, ಏಳ್ರಿ," ಎಂದರು ರಾಮಕೃಷ್ಣಪ್ಪ. "ಟೆಂಪೋ ಬಾಗಿಲ ಸಂದಿನಾಗೆ ನನ್ ಮಗಳ ಚಪ್ಪಲಿ ಕಂಡ್ರೆ ಗುರ್ತು ಸಿಗಲ್ವಾ ನಂಗೆ? ಸಿಟ್ಟು ನೆತ್ತಿಗೇರಿತ್ತು ಕಣ್ಲಾ ವಾಸು. ಆದ್ರೆ ಮುಹೂರ್ತ ಹೋದ್ರೂ ಹೋಗ್ಲಿ ಅಂತ ಕುಕ್ಕರುಗಾಲಾಗೆ ಕೂತು ನನ್ ಟಗರಿಗೆ ನೀರು ಕುಡಿಸ್ತಿದ್ಯಲ್ಲ, ಅದನ್ನ ನೋಡಿ ಇಳಿದೋಯ್ತು. ಮೂಗಪ್ರಾಣೀನ ಬಿಟ್ಟೋಗದೋನು ನನ್ ಮಗಳನ್ನ ಬಿಟ್ಟೋಗ್ತೀಯಾ?"

"ಇಲ್ಲ ಮಾವ," ಎಂದ ವಾಸು.

ಅಂಜಮ್ಮ ಮೆಟ್ಟಿಲುಗಳನ್ನು ಹುಡುಗಿಯಂತೆ ಇಳಿದು ಓಡಿದರು. ಅಕ್ಕಪಕ್ಕದವರು ಸೇರಿದರು. ಸ್ವಲ್ಪ ಹೊತ್ತಿಗೆ ರಾಮಕೃಷ್ಣಪ್ಪ ಲಾಡಿನ ಡಬ್ಬಿ ಹಿಡಿದು, ಮಗಳು ಅಳಿಯನನ್ನು ಕರೆದುಕೊಂಡು ಮೇಲೆ ಬಂದರು. ಒಂದು ಲಾಡನ್ನು ಇಡಿಯಾಗಿ ಭೈರೇಶನ ಬಾಯಿಗೆ ತುರುಕಿದರು.

"ಭೈರೇಶು, ನಿನ್ನಂಥೋನು ನಮ್ಮನೇಲಿ ಬಾಡಿಗೆಗಿದ್ದಿದ್ದು ನಮ್ ಪುಣ್ಯ ಕಣಪ್ಪ. ಮಗಳ ಮಾನ ಉಳಿಸ್ದೆ, ಟಗರನ್ನ ತೊಡೆ ಮೇಲೆ ಹೊತ್ಕೊಂಡು ಬಂದೆ. ಅಣ್ಣ ತಮ್ಮ ಮಾಡಲ್ಲ ಇಷ್ಟು. ಅದುಕ್ಕೇ ಸಂಕೋಚ ಬಿಟ್ಟು ಕೇಳ್ತಿದೀನಿ." ಅವನ ಹೆಗಲ ಮೇಲೆ ಕೈಯಿಟ್ಟರು. "ವಾಸು ಮನೇಲಿ ಅಣ್ಣಂದಿರ ಸಂಸಾರವೇ ತುಂಬ್ಕೊಂಡೈತೆ. ಹೊಸ ಜೋಡಿ, ಎಲ್ಲಿಗೆ ಹೋಗ್ತಾರೆ? ಈ ಮೇಲ್ಮನೆ ಬಿಟ್ಕೊಟ್ಬುಟ್ರೆ ಅವ್ರ ಬಾಳು ನೆಟ್ಟಗಾಯ್ತದೆ."

ಭೈರೇಶ ಏನೋ ಹೇಳಲು ಬಾಯಿ ತೆರೆದ. ಲಾಡು ಬಿಡಲಿಲ್ಲ.

"ನಾನು ಹೇಳಿರ್ಲಿಲ್ವಾ, ಈ ಹುಡುಗ ಇಲ್ಲ ಅನ್ನಲ್ಲ ಅಂತ," ಎಂದು ರಾಮಕೃಷ್ಣಪ್ಪ ಮಗಳ ಕಡೆ ತಿರುಗಿದರು.

"ಆತುರ ಏನಿಲ್ಲಪ್ಪ," ಎಂದರು ಹಿಂದೆಯೇ ಬಂದ ಅಂಜಮ್ಮ ಅಕ್ಕರೆಯಿಂದ. "ನಿಧಾನಕ್ಕೆ ಖಾಲಿ ಮಾಡು. ನಾಳಿದ್ದು ಶುಕ್ರವಾರ ಒಳ್ಳೆ ದಿನ ಐತೆ."

ಪವಿತ್ರ ಆಗಲೇ ಒಳಗೆ ಹೋಗಿ ಕಿಟಕಿಯ ಮುಂದೆ ನಿಂತು, ಪರದೆಗೆ ಹಸಿರು ಬಣ್ಣ ಒಪ್ಪುತ್ತದೋ ಹಳದಿ ಒಪ್ಪುತ್ತದೋ ಎಂದು ವಾಸುವನ್ನು ಕೇಳುತ್ತಿದ್ದಳು. ವಾಸು ಸಂಕೋಚದಿಂದ ಭೈರೇಶನ ಮುಖ ನೋಡಿದ.

ಭೈರೇಶ ಲಾಡು ನುಂಗಿ, "ಹಸಿರು," ಎಂದ.